ಆರೋಗ್ಯಕ್ಕೆ ಒದಗಿದ ಪ್ರೌಢಶಾಲೆಯ ಪಾಠಗಳು

ವರ್ಷಕ್ಕೆ 200 ದಿನ, ದಿನಕ್ಕೆ 7 ಅವಧಿ ಎಂದು ಹಿಡಿದರೂ ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯು 4,200 ಪಾಠಗಳನ್ನು ಕೇಳಿರುತ್ತಾನೆ. ಅರವತ್ತರ ವಯಸ್ಸಿನಲ್ಲಿ ನಿಂತು ಹಿಂದಿರುಗಿ ನೋಡಿದಾಗ ಅವುಗಳಲ್ಲಿ ನೆನಪಿಗೆ ಬರುವುವು ಎಷ್ಟು? ಬೆರಳೆಣಿಕೆಗೂ ಸಾಲವು. ಹಾಗೆ ಉಳಿದವುಗಳಲ್ಲಿಯೂ ಬದುಕಿಗೆ ನೇರವಾಗಿ ಒದಗಿ ಬಂದವು ಇನ್ನೂ ಕಡಿಮೆ. ನಮ್ಮ ಅನುಭವದಲ್ಲಿ ಅಂಥ ಪಾಠಗಳು ಮೂರು. ಮೂರರಲ್ಲಿ ಯಾವುದಕ್ಕೂ ಪಠ್ಯಪುಸ್ತಕದಲ್ಲಿ ‘ಆರೋಗ್ಯ’ ಎಂಬ ಶೀರ್ಷಿಕೆ ಇರಲಿಲ್ಲ. ಆದರೂ ಮುಂದೆ ವೈದ್ಯವೃತ್ತಿಯಲ್ಲಿ ಮೂವತ್ತು ವರ್ಷ ಕಳೆದ ಮೇಲೆ, ರೋಗಿಗಳ ಮನೆಯವರಿಗೆ ನಾವು ತಿಳಿಯಹೇಳಿದ್ದರ ಹೆಚ್ಚಿನ ಪಾಲು ಆ ಮೂರು ಪಾಠಗಳಿಂದಲೇ ಬಂದುದೆಂದು ತೋರುತ್ತದೆ. ನಾಲ್ಕನೆಯದೊಂದು ಪಾಠವಿತ್ತು, ಅದು ನಡೆಯಲೇ ಇಲ್ಲ. ಅದರ ಮಾತನ್ನೂ ಆಡಬೇಕಾಗಿದೆ.

ತಂದೆಯವರು ಕಂದಾಯ ಇಲಾಖೆಯಲ್ಲಿದ್ದುದರಿಂದ ವರ್ಗಾವಣೆಯ ಹಿಂದೆ ನಮ್ಮ ಓದೂ ಸಾಗಿತು. ಎಂಟನೆಯ ತರಗತಿ ಗೌರಿಬಿದನೂರಿನಲ್ಲಿ, ಒಂಬತ್ತನೆಯದು ಶಿಡ್ಲಘಟ್ಟದಲ್ಲಿ, ಹತ್ತನೆಯದು ಚಿಂತಾಮಣಿಯಲ್ಲಿ. 1970ರ ದಶಕದ ಕೊನೆಯ ವರ್ಷಗಳವು. ಆಗ ಈ ಊರುಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳೇ ತರಗತಿಯ ಅರ್ಧದಷ್ಟು. ಉಪಾಧ್ಯಾಯರು ಒಂದು ಕ್ಲಿಷ್ಟ ವಿಷಯವನ್ನು ಕನ್ನಡದಲ್ಲಿ ವಿವರಿಸಿ, ಹಿಂದಿನ ಬೆಂಚಿನತ್ತ ತಿರುಗಿ ಅದನ್ನೇ ತೆಲುಗಿನಲ್ಲಿ ಒಮ್ಮೆ ಹೇಳುತ್ತಿದ್ದರು. ಈ ಎರಡು ಬಾರಿಯ ವಿವರಣೆಯಿಂದ ನಮಗೆ ಆದ ಲಾಭ ಅಷ್ಟಿಷ್ಟಲ್ಲ.

ಮೊದಲನೆಯದು ಗೌರಿಬಿದನೂರಿನ ವಿಜ್ಞಾನದ ಪಾಠ. ವಿಷಯ: ದ್ರಾವಣಗಳು. ಆ ದಿನ ಉಪಾಧ್ಯಾಯರು ಮೂವರು ವಿದ್ಯಾರ್ಥಿಗಳಿಗೆ ಮೂರು ಕಡೆಯ ನೀರು ತರಲು ಹೇಳಿದ್ದರು. ಒಬ್ಬನದು ಕೆರೆಯ ನೀರು, ಇನ್ನೊಬ್ಬನದು ಹಿತ್ತಲ ಬಾವಿಯ ನೀರು, ಮತ್ತೊಬ್ಬನದು ಆಗಷ್ಟೇ ಕೊರೆಸಿದ್ದ ಕೊಳವೆ ಬಾವಿಯ ನೀರು. ಕೆರೆಯ ನೀರು ಕದಡಿತ್ತು; ಕೊಳವೆ ಬಾವಿಯದು ಹರಳಿನಂತೆ ತಿಳಿಯಾಗಿತ್ತು. ಯಾವುದು ಶುದ್ಧ ಎಂದು ಕೇಳಿದರು. ಉತ್ತರ ಒಂದೇ ದನಿಯಲ್ಲಿ ಬಂದಿತು. ಅವರು ಅದನ್ನು ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ಮೂರು ಉಕ್ಕಿನ ತಟ್ಟೆಗಳಲ್ಲಿ ಒಂದೊಂದು ಲೋಟ ನೀರನ್ನು ಅಳೆದು ಹೊಯ್ದು, ಕೆರೆಯ ನೀರನ್ನು ಮಾತ್ರ ಬಟ್ಟೆಯಲ್ಲಿ ಸೋಸಿ, ಸೀಮೆಎಣ್ಣೆಯ ಒಲೆಯ ಮೇಲೆ ಒಂದಾದ ಮೇಲೊಂದನ್ನು ಇಂಗಿಸಿದರು. ನೀರೆಲ್ಲ ಆರಿದ ಮೇಲೆ ಅತಿ ಹೆಚ್ಚು ಬಿಳಿಯ ಕಟ್ಟು ಉಳಿದದ್ದು ಕೊಳವೆ ಬಾವಿಯ ತಟ್ಟೆಯಲ್ಲಿ. ಬೆರಳಿನಿಂದ ಉಜ್ಜಿ ನೋಡಲು ಎಲ್ಲರನ್ನೂ ಸಾಲಾಗಿ ಕರೆದರು.

ಅನಂತರ ಅವರು ಕರಿಹಲಗೆಯ ಮೇಲೆ ಎರಡು ಪಟ್ಟಿಗಳನ್ನು ಬರೆದರು. ನೀರನ್ನು ಕುದಿಸಿದರೆ ಹೋಗುವುವು ಒಂದು ಕಡೆ. ಉಳಿಯುವುವು ಇನ್ನೊಂದು ಕಡೆ. ಕಾಲರಾ, ವಿಷಮಶೀತಜ್ವರ, ಆಮಶಂಕೆಗಳ ಸೂಕ್ಷ್ಮಜೀವಿಗಳು ಮೊದಲ ಪಟ್ಟಿಗೆ ಸೇರಿದವು. ಕರಗಿದ ಲವಣಗಳು ಎರಡನೆಯ ಪಟ್ಟಿಗೆ. ಜೀವವಿರುವುದನ್ನು ಬೆಂಕಿ ಕೊಲ್ಲುತ್ತದೆ, ಲವಣವನ್ನು ಕೊಲ್ಲಲಾರದು ಎಂಬ ಆ ಭೇದ ಅಂದು ನಮ್ಮ ಮನಸ್ಸಿನಲ್ಲಿ ಕುಳಿತದ್ದು ಇಂದಿಗೂ ಅಳಿಸಿಲ್ಲ.

ಅಂದಿನ ತರಗತಿಯಲ್ಲಿ ಫ್ಲೋರೈಡ್ ಎಂಬ ಶಬ್ದ ಬಂದ ನೆನಪಿಲ್ಲ. ಕೊಳವೆ ಬಾವಿಗಳು ಆಗ ಅಪರೂಪ. ಉತ್ತರ ಪಿನಾಕಿನಿಯ ಪಾತ್ರದಲ್ಲಿ ಮರಳನ್ನು ಕೈಯಿಂದ ಬಗೆದರೆ ನೀರು ಒಸರುತ್ತಿತ್ತು. ನಂದಿಬೆಟ್ಟದ ಸಾಲಿನಲ್ಲಿ ಹಲವು ನದಿಗಳು ಹುಟ್ಟಿದರೂ ಅವುಗಳಲ್ಲಿ ಒಂದೂ ವರ್ಷವಿಡೀ ಹರಿಯುವುದಿಲ್ಲ. ಕೆರೆ ಮತ್ತು ತೆರೆದ ಬಾವಿಗಳೇ ಈ ಸೀಮೆಯ ಆಸರೆಯಾಗಿದ್ದವು. ಕೆರೆಗಳು ಹೂಳು ತುಂಬಿ ಬತ್ತಿದಂತೆ ಕೊಳವೆ ಬಾವಿಗಳು ಇಳಿಯತೊಡಗಿದವು. ನೂರಾರು ಅಡಿ ಇದ್ದುದು ಸಾವಿರ ಅಡಿಯನ್ನೂ ದಾಟಿತು. ಅಷ್ಟು ಆಳದ ಕಣಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಬಂಡೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್‌ವರೆಗೆ ಇರಬಹುದೆಂದೂ, ಬೇರೆ ನೀರೇ ಇಲ್ಲದೆಡೆ 1.5 ಮಿಲಿಗ್ರಾಮ್ ಮೀರಬಾರದೆಂದೂ ಭಾರತೀಯ ಮಾನಕವು ಹೇಳುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆ ಬಾವಿಗಳು ಈ ಮಿತಿಯನ್ನು ಮೀರಿದವು. ಇದೇನೂ ಹೊಸ ವ್ಯಾಧಿಯಲ್ಲ. ನೀರಿನ ಫ್ಲೋರೈಡಿನಿಂದ ಮೂಳೆ ಕೆಡುವುದನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ.

ಚಿಕ್ಕಬಳ್ಳಾಪುರದಲ್ಲಿ ನಾವು ವೃತ್ತಿಯನ್ನು ಆರಂಭಿಸಿದ ಮೇಲೆ, ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಗೆರೆ, ಕಂದು ಕಲೆ ಇರುವ ಮಕ್ಕಳನ್ನು ತಾಯಂದಿರು ಕರೆತರುತ್ತಿದ್ದರು. ಎಲ್ಲರದೂ ಒಂದೇ ಮಾತು: “ನಾವು ನೀರು ಕಾಯಿಸದೆ ಕುಡಿಸುವುದೇ ಇಲ್ಲ, ಸ್ವಾಮಿ.” ಆ ಮಾತಿನ ಹಿಂದಿನ ಕಕ್ಕುಲಾತಿ ದೊಡ್ಡದು. ಸೌದೆ ಉರಿಸಿ, ಹೊಗೆ ಕುಡಿದು, ಮಗುವಿಗಾಗಿ ಆಕೆ ಪಟ್ಟ ಶ್ರಮ ಫ್ಲೋರೈಡಿನ ಮುಂದೆ ವ್ಯರ್ಥ. ವ್ಯರ್ಥವಷ್ಟೇ ಅಲ್ಲ. ಲೀಟರಿಗೆ 2 ಮಿಲಿಗ್ರಾಮ್ ಫ್ಲೋರೈಡ್ ಇರುವ ಎರಡು ಲೀಟರ್ ನೀರನ್ನು ಬಹಳ ಹೊತ್ತು ಕುದಿಸಿ ಒಂದು ಲೀಟರಿಗೆ ಇಳಿಸಿದರೆ, ಉಳಿದ ಒಂದು ಲೀಟರಿನಲ್ಲಿ 4 ಮಿಲಿಗ್ರಾಮ್ ಇರುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಕೊನೆಗೆ ನಾವು ಚಿಕಿತ್ಸಾಲಯದಲ್ಲಿಯೇ ಒಂದು ತಟ್ಟೆ, ಒಂದು ಒಲೆ ಇಟ್ಟುಕೊಂಡೆವು. ಗೌರಿಬಿದನೂರಿನ ಪಾಠ ಅಲ್ಲಿ ನೂರಾರು ಬಾರಿ ಪುನಃ ನಡೆಯಿತು. ತಟ್ಟೆಯಲ್ಲಿ ಕಾಣುವ ಬಿಳಿಯ ಕಟ್ಟು ಬಹುಪಾಲು ಬೇರೆ ಲವಣಗಳದು, ಫ್ಲೋರೈಡ್ ಅದರೊಡನೆ ಕಣ್ಣಿಗೆ ಕಾಣದಂತೆ ಇರುತ್ತದೆ ಎಂದು ಸೇರಿಸಿ ಹೇಳುತ್ತಿದ್ದೆವು.

ಇಲ್ಲಿ ಒಂದು ಸಂಗತಿಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಹಲ್ಲಿನ ಮೇಲೆ ಫ್ಲೋರೈಡಿನ ಕಲೆ ಮೂಡುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ. ಪ್ರೌಢಶಾಲೆಗೆ ಬರುವ ಹೊತ್ತಿಗೆ ಆ ಹುಡುಗಿಯ ಹಲ್ಲಿಗೆ ಆಗಬೇಕಾದುದು ಆಗಿಹೋಗಿರುತ್ತದೆ. ಆಕೆ ನಗುವಾಗ ಬಾಯಿಗೆ ಸೆರಗನ್ನೋ ಕೈಯನ್ನೋ ಅಡ್ಡ ಹಿಡಿಯುವುದನ್ನು ಕಲಿತಿರುತ್ತಾಳೆ. ಆದರೆ ಮನೆಯಲ್ಲಿ ಮೂರು ವರ್ಷದ ತಂಗಿ ಇದ್ದಾಳೆ. ಪ್ರೌಢಶಾಲೆಯ ಪಾಠ ಉಳಿಸಬಹುದಾದುದು ಆ ತಂಗಿಯ ಹಲ್ಲನ್ನು. ಜೊತೆಗೆ ಇಬ್ಬರ ಮೂಳೆಗಳನ್ನು. ಏಕೆಂದರೆ ಮೂಳೆ ಕೀಲುಗಳಲ್ಲಿ ಫ್ಲೋರೈಡ್ ಸೇರುತ್ತಲೇ ಹೋಗಿ, ನಲವತ್ತು ಐವತ್ತರ ಹೊತ್ತಿಗೆ ಕತ್ತು ತಿರುಗದ, ಬೆನ್ನು ಬಾಗದ ಸ್ಥಿತಿ ಬರಬಹುದು. ಅದನ್ನು ಹಿಂದಿರುಗಿಸುವ ಔಷಧಿಯಿಲ್ಲ, ತಡೆಯುವುದೊಂದೇ ದಾರಿ.

ಇಂದು ಹೆಚ್ಚಿನ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅವುಗಳ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದ್ದರೆ ಫ್ಲೋರೈಡಿನ ಬಹುಪಾಲು ಹೋಗುತ್ತದೆ. ಆದರೆ ಆ ನೀರನ್ನು ಕುಡಿಯಲು ಮಾತ್ರ ಬಳಸಿ, ಅನ್ನ, ಸಾರು, ಮುದ್ದೆಗೆ ನಲ್ಲಿಯ ನೀರನ್ನೇ ಹಾಕುವ ಮನೆಗಳನ್ನು ನಾವು ಬಹಳ ಕಂಡಿದ್ದೇವೆ. ಅನ್ನ ಬೇಯುವಾಗ ನೀರಿನೊಡನೆ ಅದರಲ್ಲಿರುವುದೂ ಅಕ್ಕಿಯೊಳಗೆ ಸೇರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅಡುಗೆಗೂ ಘಟಕದ ನೀರೇ ಬೇಕು. ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆಂಬಷ್ಟು ಕಡಿಮೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಛಾವಣಿಯ ನೀರನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಹಿಡಿದವರಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಸುಣ್ಣದ ಅಂಶವುಳ್ಳ ಆಹಾರ ಫ್ಲೋರೈಡ್ ದೇಹಕ್ಕೆ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ನಮ್ಮ ಸೀಮೆಯ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಮ್ ಸುಣ್ಣವಿದೆ, ಹಾಲಿನಲ್ಲಿ ಇರುವುದರ ಸುಮಾರು ಮೂರು ಪಟ್ಟು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹೆಬ್ಬಾಳ–ನಾಗವಾರ ಕಣಿವೆಯಿಂದ ನಮ್ಮ ಕೆರೆಗಳಿಗೆ ಹರಿಸುತ್ತಿರುವ ಯೋಜನೆಯ ಗುಣದೋಷಗಳು ಬೇರೆಯದೇ ಲೇಖನಕ್ಕೆ ವಸ್ತು. ಇಲ್ಲಿ ಅದನ್ನು ಬಿಡುತ್ತೇವೆ.

ಗೌರಿಬಿದನೂರಿನ ಆ ಉಪಾಧ್ಯಾಯರು ತಟ್ಟೆ ತೊಳೆಯುತ್ತ ಹೊಸೂರಿನ ಹುಡುಗನೊಬ್ಬನ ಕಥೆಯನ್ನು ಹೇಳುತ್ತಿದ್ದರು. ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಆ ಹುಡುಗ ಪ್ರೌಢಶಾಲೆಗೆ ಸೇರಲೆಂದು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದ. ದೂರ ಎಂಬತ್ತು ಕಿಲೋಮೀಟರುಗಳಿಗೂ ಹೆಚ್ಚು. ಮುಂದೆ ಅಮೆರಿಕದ ಓಹಿಯೊದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿಯನ್ನೇ ರಚಿಸಿದ ಡಾ. ಎಚ್. ನರಸಿಂಹಯ್ಯನವರೇ ಆ ಹುಡುಗ. ಎಂಬತ್ತು ಕಿಲೋಮೀಟರ್ ನಡೆದದ್ದು ನಮಗೆ ಆಗ ದೊಡ್ಡದಾಗಿ ಕಂಡಿತು. ತಿಳಿಯಾದ ನೀರು ಶುದ್ಧವೆಂದು ಏಕೆ ನಂಬಬೇಕು ಎಂಬ ಪ್ರಶ್ನೆಯೂ ಅದೇ ಜಾತಿಯದೆಂದು ತಿಳಿದದ್ದು ಆಮೇಲೆ.

ಎರಡನೆಯದು ಶಿಡ್ಲಘಟ್ಟದ ಜೀವಶಾಸ್ತ್ರದ ಪಾಠ. ರೇಷ್ಮೆಯ ಊರು ಅದು. ತರಗತಿಯಲ್ಲಿ ಹುಳು ಸಾಕುವವರ ಮಕ್ಕಳು, ಗೂಡು ಬಿಚ್ಚುವವರ ಮಕ್ಕಳು, ಗೂಡಿನ ವ್ಯಾಪಾರಿಗಳ ಮಕ್ಕಳು ಎಲ್ಲರೂ ಇದ್ದರು. ಹುಳು ನಾಲ್ಕನೆಯ ಜ್ವರದಿಂದ ಎದ್ದ ವಾರದಲ್ಲಿ ಅರ್ಧ ತರಗತಿ ಖಾಲಿ. ಸೊಪ್ಪು ತರಲು ಮನೆಯಲ್ಲಿ ಎಲ್ಲ ಕೈಗಳೂ ಬೇಕಾಗಿದ್ದವು. (ಹುಳು ಪೊರೆ ಕಳಚುವ ವಿಶ್ರಾಂತಿಯನ್ನು ಈ ಕಡೆಯವರು ಜ್ವರವೆನ್ನುತ್ತಾರೆ, ಹೊರಗಿನ ಓದುಗರು ಗಾಬರಿಯಾಗುವುದು ಬೇಡ.) ಪಠ್ಯದಲ್ಲಿದ್ದುದು ‘ಸೂಕ್ಷ್ಮಜೀವಿಗಳು ಮತ್ತು ರೋಗ’. ಉಪಾಧ್ಯಾಯಿನಿಯವರು ಪುಸ್ತಕವನ್ನು ಮುಚ್ಚಿಸಿ ನಮ್ಮನ್ನು ರೇಷ್ಮೆ ಮೊಟ್ಟೆ ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಕ್ರಮವಿದೆ. ಅಕ್ಕಿಕಾಳಿನ ಆಕಾರದ, ಹೊಳೆಯುವ ಕಣಗಳು ಕಂಡರೆ ಅದು ಗಂಟುರೋಗ. ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಡುತ್ತಾರೆ. ತಾಯಿಯಿಂದ ಮೊಟ್ಟೆಗೆ ಸಾಗುವ ರೋಗವದು. ಈ ಪರೀಕ್ಷೆಯನ್ನು ರೂಪಿಸಿದವನು ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗಕ್ಕೆ ರೇಷ್ಮೆಹುಳುಗಳ ರೋಗವನ್ನು ಹುಡುಕಿಕೊಂಡು ಹೋಗಿ ಐದು ವರ್ಷ ಅದರ ಹಿಂದೆ ಬಿದ್ದಿದ್ದ. ಅವನಿಗೂ ಮೂವತ್ತು ವರ್ಷ ಮೊದಲು, 1835ರಲ್ಲಿ, ಇಟಲಿಯ ಆಗಸ್ಟಿನೊ ಬಾಸ್ಸಿ ಎಂಬುವನು ಸುಣ್ಣಕಟ್ಟು ರೋಗಕ್ಕೆ ಒಂದು ಬೂಷ್ಟೇ ಕಾರಣವೆಂದು ತೋರಿಸಿದ. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿಯು ಕಾರಣವೆಂಬ ಮೊದಲ ಸಾಕ್ಷ್ಯ ಅದು. ಮನುಷ್ಯನ ರೋಗಗಳ ವಿಜ್ಞಾನಕ್ಕೆ ದಾರಿ ತೋರಿದ್ದು ಹುಳುಮನೆ ಎಂದು ಕೇಳಿ ಶಿಡ್ಲಘಟ್ಟದ ಹುಡುಗರು ಎದೆಯುಬ್ಬಿಸಿದ್ದರು.

ಶಾಲೆಗೆ ಹಿಂದಿರುಗಿದ ಮೇಲೆ ಆ ತಾಯಿ ಕೇಳಿದ ಪ್ರಶ್ನೆಯೇ ಪಾಠದ ತಿರುಳು. ಹುಳುಮನೆಗೆ ಹೋಗುವ ಮುನ್ನ ಏನೇನು ಮಾಡುತ್ತೀರಿ? ಮಕ್ಕಳು ಮೇಲೆಬಿದ್ದು ಹೇಳಿದರು: ಚಪ್ಪಲಿ ಹೊರಗೆ ಬಿಡುತ್ತೇವೆ, ಕಾಲನ್ನು ಔಷಧಿಯ ನೀರಿನಲ್ಲಿ ಅದ್ದುತ್ತೇವೆ, ಸೋಪಿನಿಂದ ಕೈ ತೊಳೆಯುತ್ತೇವೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಸತ್ತ ಹುಳುವನ್ನು ಕೈಯಿಂದ ಮುಟ್ಟುವುದಿಲ್ಲ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಚೆಲ್ಲುತ್ತೇವೆ. ಸರಿ, ತಮ್ಮನಿಗೆ ಊಟ ಬಡಿಸುವ ಮುನ್ನ? ತರಗತಿ ಮೌನವಾಯಿತು.

ಹುಳುವಿಗೆ ಸಲ್ಲುವ ಮರ್ಯಾದೆ ಮಗುವಿಗೆ ಸಲ್ಲುತ್ತಿಲ್ಲ ಎಂದು ಅವರು ಬೈಯಲಿಲ್ಲ. ಹುಳು ಸತ್ತರೆ ಒಂದೇ ರಾತ್ರಿಯಲ್ಲಿ ಸಾಲ ತಲೆಗೇರುತ್ತದೆ, ಆದ್ದರಿಂದ ಅಲ್ಲಿನ ಶುಚಿತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ಭೇದಿಗೆ ಕೈಯ ಕೊಳೆ ಕಾರಣವೆಂಬುದು ಅಷ್ಟು ನೇರವಾಗಿ ಕಾಣುವುದಿಲ್ಲ. ಮುಂದೆ ವೈದ್ಯಕೀಯ ಓದುವಾಗ, 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ವೈದ್ಯರ ಕೈ ತೊಳೆಸಿ ಬಾಣಂತಿಯರ ಸಾವನ್ನು ತಗ್ಗಿಸಿದ ಪ್ರಸಂಗ ಬಂದಿತು. ಸಹಪಾಠಿಗಳಿಗೆ ಅದು ಪರೀಕ್ಷೆಯ ಒಂದು ಪ್ರಶ್ನೆ. ನಮಗೆ ಮಾತ್ರ ಶಿಡ್ಲಘಟ್ಟದ ಹುಳುಮನೆಯ ಬಾಗಿಲಿನ ಬ್ಲೀಚಿಂಗ್ ಪುಡಿಯ ವಾಸನೆಯೇ ಮೂಗಿಗೆ ಬಡಿಯಿತು; ಎರಡೂ ಒಂದೇ ವಸ್ತು. ಸೋಪಿನಿಂದ ಕೈ ತೊಳೆಯುವ ರೂಢಿಯೊಂದೇ ಭೇದಿಯ ಪ್ರಕರಣಗಳನ್ನು ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ ಮಾಡುತ್ತದೆಂದು ಇಂದು ತಿಳಿದಿದೆ. ಶೌಚದ ನಂತರ, ಮಗುವನ್ನು ತೊಳೆದ ನಂತರ, ಅಡುಗೆಗೆ ಮುನ್ನ, ಉಣ್ಣುವ ಉಣಿಸುವ ಮುನ್ನ ಇಪ್ಪತ್ತು ಸೆಕೆಂಡು ಉಜ್ಜಿದರೆ ಸಾಕು.

ಗೂಡು ಬಿಚ್ಚುವ ಮನೆಗಳ ಮಕ್ಕಳಿಗೆ ಬೇರೊಂದು ಕಷ್ಟವಿತ್ತು, ಅದು ಪಾಠಕ್ಕೆ ಬರಲಿಲ್ಲ. ಬಿಸಿನೀರಿನಲ್ಲಿ ಇಡೀ ದಿನ ಅದ್ದಿದ ಬೆರಳ ತುದಿಯ ಚರ್ಮ ಸುಲಿದಿರುತ್ತದೆ. ಹಬೆ, ಹೊಗೆ, ಕೋಶದ ಧೂಳಿನಿಂದ ಉಬ್ಬಸ ಹಿಡಿಯುತ್ತದೆ. ಕೆಲಸದ ದಿನಗಳಲ್ಲಿ ಹೆಚ್ಚಿ ರಜೆಯಲ್ಲಿ ಇಳಿಯುವ ಕೆಮ್ಮು, ಉಬ್ಬಸ ಇದ್ದವರು ವೈದ್ಯರಿಗೆ ತಮ್ಮ ಕಾಯಕ ಯಾವುದೆಂದು ತಪ್ಪದೆ ಹೇಳಬೇಕು. ಕೇಳದ ವೈದ್ಯರಿಗೂ ಹೇಳಬೇಕು.

ಮೂರನೆಯದು ಗಣಿತ. ಆರೋಗ್ಯ ವಿಭಾಗದಲ್ಲಿ ಗಣಿತಕ್ಕೇನು ಕೆಲಸ ಎಂದು ಕೇಳಬಹುದು. ಚಿಂತಾಮಣಿಯ ನಮ್ಮ ಗಣಿತದ ಮೇಷ್ಟ್ರು ಅನುಪಾತದ ಲೆಕ್ಕಗಳನ್ನು ಪುಸ್ತಕದಿಂದ ಕೊಡುತ್ತಲೇ ಇರಲಿಲ್ಲ. ಕಡಲೆಕಾಯಿ, ಟೊಮೇಟೊ ಬೆಳೆಯುವ ಮನೆಗಳಿಂದ ಖಾಲಿ ಔಷಧಿ ಡಬ್ಬಿಗಳ ಚೀಟಿಗಳನ್ನು ಬರೆದು ತರಿಸುತ್ತಿದ್ದರು. ಲೀಟರಿಗೆ ಇಷ್ಟು ಮಿಲಿಲೀಟರ್ ಎಂದಿದ್ದರೆ ಹದಿನೈದು ಲೀಟರಿನ ಡಬ್ಬಕ್ಕೆ ಎಷ್ಟು? ಹುಳ ಸಾಯಲೆಂದು ಒಂದು ಮುಚ್ಚಳ ಹೆಚ್ಚಿಗೆ ಹಾಕಿದರೆ ಅನುಪಾತ ಎಷ್ಟಾಯಿತು? ಆ ಹೆಚ್ಚುವರಿ ಮುಚ್ಚಳ ಹುಳಕ್ಕಿಂತ ಮೊದಲು ಸಿಂಪಡಿಸುವವನ ಚರ್ಮಕ್ಕೆ ತಲುಪುತ್ತದೆಂದು ಲೆಕ್ಕದ ಕೊನೆಯಲ್ಲಿ ಒಂದು ಮಾತು. ಇಂದಿನ ಡಬ್ಬಿಗಳ ಮೇಲೆ ಬಣ್ಣದ ಗುರುತಿರುತ್ತದೆ: ಕೆಂಪು ಅತ್ಯಂತ ವಿಷಕಾರಿ, ಅನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯವೆಂದಲ್ಲ, ಉಳಿದವುಗಳಿಗಿಂತ ಕಡಿಮೆ ವಿಷವೆಂದು ಮಾತ್ರ.

ಅನುಪಾತ ತಿಳಿಯದೆ ಆಗುವ ಅನಾಹುತವನ್ನು ನಾವು ಮಕ್ಕಳ ಜ್ವರದ ಔಷಧಿಯಲ್ಲಿ ಹೆಚ್ಚಾಗಿ ಕಂಡೆವು. ಪ್ಯಾರಸಿಟಮಾಲ್ ದ್ರವ ಅಂಗಡಿಯಲ್ಲಿ ಬೇರೆ ಬೇರೆ ಸಾಂದ್ರತೆಗಳಲ್ಲಿ ಸಿಗುತ್ತದೆ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಮ್ ಇರುವುದೊಂದು, 250 ಮಿಲಿಗ್ರಾಮ್ ಇರುವುದು ಇನ್ನೊಂದು. ಬಾಟಲಿಗಳು ನೋಡಲು ಅವಳಿ ಮಕ್ಕಳಂತೆ. ಒಂದು ಸಲಕ್ಕೆ ಮಗುವಿನ ತೂಕದ ಕಿಲೋಗ್ರಾಮಿಗೆ 15 ಮಿಲಿಗ್ರಾಮ್‌ನಂತೆ ಹಿಡಿದರೆ, 12 ಕಿಲೋ ತೂಕದ ಮಗುವಿಗೆ 180 ಮಿಲಿಗ್ರಾಮ್. ಮೊದಲ ಬಾಟಲಿಯಿಂದ ಅದು 7.2 ಮಿಲಿಲೀಟರ್, ಎರಡನೆಯದರಿಂದ 3.6. ಹೋದ ಸಲದ ಅಳತೆಯನ್ನೇ ಈ ಸಲದ ಬಾಟಲಿಗೂ ಹಾಕಿದರೆ ಮಗುವಿಗೆ ಎರಡರಷ್ಟು ಹೋಗುತ್ತದೆ. ಮತ್ತೆ ಮತ್ತೆ ಹೀಗಾದರೆ ಯಕೃತ್ತಿಗೆ ಪೆಟ್ಟು. ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಲಿ. ಆದರೆ ಬಾಟಲಿ ಬದಲಾದಾಗ ಅಳತೆಯೂ ಬದಲಾಗುತ್ತದೆಂದು ತಿಳಿಯಲು ಹತ್ತನೆಯ ತರಗತಿಯ ಗಣಿತ ಧಾರಾಳವಾಗಿ ಸಾಕು. ಅಡುಗೆಮನೆಯ ಚಮಚದಿಂದ ಅಳೆಯುವುದಂತೂ ಸಲ್ಲದು. ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ.

ಭೇದಿಯಾದ ಮಗುವಿಗೆ ಕೊಡುವ ಉಪ್ಪು ಸಕ್ಕರೆಯ ನೀರೂ ಅನುಪಾತದ ಲೆಕ್ಕವೇ. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಉಪ್ಪು ಹೆಚ್ಚಿದರೆ ಅಪಾಯ, ಸಕ್ಕರೆ ಹೆಚ್ಚಿದರೆ ಭೇದಿ ಹೆಚ್ಚು. ಪೊಟ್ಟಣದ ಪುಡಿ ಸಿಕ್ಕರೆ ಅದೇ ಉತ್ತಮ. ಆದರೆ ಒಂದು ಲೀಟರಿನ ಪೊಟ್ಟಣವನ್ನು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕಲಸುವುದು ತಪ್ಪು, ಪೂರ್ತಿ ಪೊಟ್ಟಣಕ್ಕೆ ಪೂರ್ತಿ ಲೀಟರ್. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ರಕ್ತನಾಳಕ್ಕೆ ಹಾಕುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇಂಥ ದ್ರಾವಣವನ್ನು ಪೀಪಾಯಿಗಳಲ್ಲಿ ಕಲಸಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಸುಮಾರಿನಲ್ಲಿದ್ದ ಕಾಲರಾದ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು.

ವ್ಯಾಯಾಮದ ಅವಧಿ, ಸ್ಕೌಟ್ ಶಿಬಿರದ ಪ್ರಥಮ ಚಿಕಿತ್ಸೆ ಇವುಗಳೂ ನೆನಪಿನಲ್ಲಿವೆ. ಆದರೆ ಅಲ್ಲಿ ಕಲಿತದ್ದರಲ್ಲಿ ಕೆಲವನ್ನು ಇಂದು ಬಿಡಬೇಕಾಗಿದೆ. ಹಾವು ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟುವುದು, ಕೊಯ್ದು ರಕ್ತ ಹರಿಸುವುದು ಎರಡೂ ಹಾನಿಕರ. ಕಚ್ಚಿದ ಅಂಗವನ್ನು ಅಲುಗಾಡದಂತೆ ಇಟ್ಟು, ಪ್ರತಿವಿಷವಿರುವ ಆಸ್ಪತ್ರೆಗೆ ತ್ವರಿತವಾಗಿ ಒಯ್ಯುವುದೇ ಸರಿ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ಸುಣ್ಣ, ಅರಿಶಿನ, ಕಾಫಿಪುಡಿ ಯಾವುದೂ ಬೇಡ.

ಇನ್ನು ನಡೆಯದ ಪಾಠ. ಜೀವಶಾಸ್ತ್ರದ ಪುಸ್ತಕದ ಕೊನೆಯ ಭಾಗದಲ್ಲಿ ಮನುಷ್ಯನ ಸಂತಾನೋತ್ಪತ್ತಿಯ ಅಧ್ಯಾಯವಿತ್ತು. ಯಾವ ಊರಿನ ಶಾಲೆಯೆಂದು ಹೇಳುವುದು ಬೇಡ. ಆಗ ಬಹುತೇಕ ಎಲ್ಲೆಡೆಯೂ ಹೀಗೆಯೇ ಇತ್ತು. ಅಧ್ಯಾಯ ಬಂದ ದಿನ ಉಪಾಧ್ಯಾಯರು ಪುಟಗಳನ್ನು ಒಟ್ಟಿಗೆ ಮಗುಚಿ, ಇದನ್ನು ಮನೆಯಲ್ಲಿ ಓದಿಕೊಳ್ಳಿ, ಪರೀಕ್ಷೆಗೆ ಬರುವುದಿಲ್ಲ ಎಂದರು. ಹುಡುಗರು ಮುಸಿಮುಸಿ ನಕ್ಕರು. ಹುಡುಗಿಯರು ತಲೆ ತಗ್ಗಿಸಿ ಕುಳಿತರು. ನಲವತ್ತು ನಿಮಿಷಗಳ ಆ ಪಾಠವನ್ನು ಉಳಿಸಿದ್ದಕ್ಕೆ ತೆತ್ತ ಬೆಲೆಯನ್ನು ನಾವು ಮುಂದೆ ಚಿಕಿತ್ಸಾಲಯದಲ್ಲಿ ನೋಡಿದೆವು.

ಹದಿನಾಲ್ಕು ವರ್ಷದ ಹುಡುಗಿ, ಮೆಟ್ಟಿಲು ಹತ್ತಿದರೆ ಏದುಸಿರು. ತಾಯಿ ಹೇಳುವುದು ಊಟ ಸೇರುತ್ತಿಲ್ಲವೆಂದು. ತಿಂಗಳಿಗೆ ಹತ್ತು ಹನ್ನೆರಡು ದಿನ ಸ್ರಾವವಾಗುತ್ತಿದೆಯೆಂಬುದು ಬೇರೆ ಬೇರೆ ರೀತಿಯಲ್ಲಿ ನಾಲ್ಕು ಸಲ ಕೇಳಿದ ಮೇಲೆ ಹೊರಬರುತ್ತಿತ್ತು. ಅದು ಎಲ್ಲರಿಗೂ ಹಾಗೆಯೇ ಎಂದು ಆಕೆ ತಿಳಿದಿದ್ದಳು. ಹಾಗಲ್ಲವೆಂದು ಹೇಳುವವರು ಯಾರೂ ಇರಲಿಲ್ಲ. ಮುಟ್ಟು ಆರಂಭವಾದ ಮೊದಲ ವರ್ಷಗಳಲ್ಲಿ 21ರಿಂದ 45 ದಿನಗಳ ಅಂತರ ಸಹಜ. ಸ್ರಾವ ಏಳು ದಿನಗಳನ್ನು ಮೀರಿದರೆ, ಒಂದೆರಡು ಗಂಟೆಗೊಮ್ಮೆ ಬಟ್ಟೆಯೋ ಪ್ಯಾಡೋ ತೊಯ್ದು ಹೋದರೆ, ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಬೇಕು. ಇಷ್ಟನ್ನು ಹೇಳಲು ಎರಡು ನಿಮಿಷ ಬೇಕು. ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ರಜಸ್ಸಿನ ಸೂತಕವನ್ನು ತಳ್ಳಿಹಾಕಿದರೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಗಳಲ್ಲಿಯೂ ಮಗಳೊಡನೆ ಈ ಎರಡು ನಿಮಿಷದ ಮಾತು ನಡೆದಿರುವುದಿಲ್ಲ ಎಂಬುದು ನಮ್ಮ ಅನುಭವ.

ಹುಡುಗರ ಪಾಡು ಬೇರೆ ಬಗೆಯದು. ಪಾಠ ಮಾಡದೆ ಬಿಟ್ಟ ಜಾಗವನ್ನು ಬಸ್ ನಿಲ್ದಾಣದ ಗೋಡೆಯ ಭಿತ್ತಿಪತ್ರಗಳು ತುಂಬಿದವು. ಸ್ವಪ್ನಸ್ಖಲನವು ದೇಹ ಬೆಳೆಯುವ ವಯಸ್ಸಿನ ಸಹಜ ಕ್ರಿಯೆ. ಅದರಿಂದ ಶಕ್ತಿ ಕುಂದುವುದಿಲ್ಲ, ಮೂಳೆ ಸವೆಯುವುದಿಲ್ಲ. ಇದು ತಿಳಿಯದ ಯುವಕರು ‘ಧಾತು ನಷ್ಟ’ದ ಹೆಸರಿನಲ್ಲಿ ನಕಲಿ ವೈದ್ಯರಿಗೆ ತಿಂಗಳ ಕೂಲಿಯನ್ನು ಸುರಿದು, ಅದೂ ಮುಗಿದ ಮೇಲೆ ನಮ್ಮಲ್ಲಿಗೆ ಬರುತ್ತಿದ್ದರು. ಆಗಲೂ ತಲೆನೋವೆಂದೇ ಹೇಳಿಕೊಂಡು.

ಈಗ ಕಾಲ ಬಹಳ ಮಟ್ಟಿಗೆ ಬದಲಾಗಿದೆ. ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆ, ವರ್ಷಕ್ಕೆರಡು ಬಾರಿ ಜಂತುಹುಳುವಿನ ಮಾತ್ರೆ ಕೊಡುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ ಆ ನೀಲಿ ಮಾತ್ರೆ ಸಣ್ಣ ವಸ್ತುವಲ್ಲ. ಆದರೂ ಮಾತ್ರೆ ನುಂಗಿದ ಮರುದಿನ ಮಲ ಕಪ್ಪಾದುದನ್ನು ಕಂಡು ಹೆದರಿ, ಮುಂದಿನ ವಾರ ಅದನ್ನು ಕಿಟಕಿಯಿಂದಾಚೆಗೆ ಎಸೆಯುವ ಮಕ್ಕಳಿದ್ದಾರೆ. ಆ ಬಣ್ಣ ಹೀರಿಕೆಯಾಗದೆ ಉಳಿದ ಕಬ್ಬಿಣದ್ದು, ಅದರಿಂದ ಹಾನಿಯಿಲ್ಲ. ಹೊಟ್ಟೆ ತೊಳೆಸದಂತೆ ಮಾತ್ರೆಯನ್ನು ಮಧ್ಯಾಹ್ನದ ಊಟದ ನಂತರ ತೆಗೆದುಕೊಳ್ಳಬೇಕು. ಅದರ ಹಿಂದೆಮುಂದೆ ಒಂದು ಗಂಟೆ ಚಹಾ ಕಾಫಿ ಬೇಡ. ಊಟದೊಡನೆ ನೆಲ್ಲಿಕಾಯಿಯ ಒಂದು ಹೋಳು ಅಥವಾ ಅರ್ಧ ನಿಂಬೆಹಣ್ಣಿನ ರಸವಿದ್ದರೆ ಕಬ್ಬಿಣವು ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ.